ಪಗಾರದ ಆಟ, ಮತ್ತೊಂದು ಸುತ್ತು

"ಸತ್ನಿ! ಮತ್ತ ಸತ್ನಿ!"

ಹೋದ ತಿಂಗಳು ಒಂದು ಭಾನುವಾರ ಮುಂಜಾನೆ ನಮ್ಮ ಧಾರವಾಡದ ಮನೆಯ ಹಾಲ್‌ನಿಂದ ಹೆಂಡತಿ ಶೈಲಾ ಹೀಗೆ ಕೂಗಿದಾಗ ನಾನು ಬಚ್ಚಲಿನಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದೆ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ. ಹಾಗೇ ಓಡಿದೆ.

ನೋಡಿದರೆ ಆಕೆ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಳೆ. ಕೈಯಲ್ಲಿ ವಿಡಿಯೋ ಗೇಮ್‌ನ ಕಂಟ್ರೋಲರ್. ಟಿವಿಯಲ್ಲಿ ಒಬ್ಬ ದೈತ್ಯ ಸುತ್ತಿಗೆ ಹಿಡಿದು ನಿಂತಿದ್ದ. ಅವನ ಕಾಲಬುಡದಲ್ಲಿ ಬಿದ್ದಿದ್ದ ಹೆಣ ನನ್ನ ಹೆಂಡತಿಯದು.

"ಸ್ವಲ್ಪ ಅತ್ಲಾಗ ಸರೀರಿ, ಟಿವಿ ಕಾಣವಲ್ದು," ಅಂದಳು ಹೆಣದ ಒಡತಿ.

ಮಗಳು ಓದಲಿಕ್ಕೆ ಬೆಳಗಾವಿಯ ಹಾಸ್ಟೆಲ್ ಸೇರಿದಾಗ ಗೇಮ್ ಕನ್ಸೋಲ್ ಮನೆಯಲ್ಲೇ ಬಿಟ್ಟು ಹೋಗಿದ್ದಳು. ಧೂಳು ಒರೆಸಲು ಹೋದ ಶೈಲಾ ಅದರೊಳಗೇ ಇಳಿದುಬಿಟ್ಟಳು. ಆಕ್ಷನ್ ರೋಲ್ ಪ್ಲೇಯಿಂಗ್ ಗೇಮ್ ಅಂತೆ. ನೀವೇ ನಾಯಕ ಅಥವಾ ನಾಯಕಿ. ಕಾಡು, ಕೋಟೆ, ರಾಕ್ಷಸರು. ಹೊಡೆದಷ್ಟೂ ಬಲ ಬೆಳೆಯುತ್ತದೆ. ಕತ್ತಿ ಹಿಡಿದು ಇಡೀ ಆಟ ಮುಗಿಸಿದಳು. ಇನ್ನು ಮನೆಯಲ್ಲಿ ಶಾಂತಿ ಅಂದುಕೊಂಡೆ. ಮರುದಿನವೇ ಬಿಲ್ಲು ಹಿಡಿದು ಮೊದಲಿಂದ ಶುರು! ಈಗ ಮಂತ್ರವಾದಿನಿ.

"ಅಲ್ಲ, ಕಥಿ ಗೊತ್ತೈತಿ. ಯಾರು ಎಲ್ಲಿ ಅಡಗ್ಯಾರ ಅಂತನೂ ಗೊತ್ತೈತಿ. ಮುಗಿದ ಆಟ ಮತ್ತ ಯಾಕ ಆಡ್ತಿ?"

"ಕಥಿ ಅದ ಇದ್ರೂ ನಾ ಮೊದಲಿನಾಕಿ ಅಲ್ಲಲ್ರಿ ಈಗ. ಆವಾಗ ಹೋಗಿ ಮೈಮ್ಯಾಲೆ ಬೀಳ್ತಿದ್ನಿ. ಈಗ ದೂರ ನಿಂತು ನೋಡ್ತೇನಿ. ಅವ ಸುತ್ತಿಗಿ ಎತ್ತೂಕಿಂತ ಮೊದ್ಲ ಎಡಗಡೆ ಭುಜ ಅಲುಗಸ್ತಾನ. ಅದು ನನಗ ಕಂಡಿರಲೇ ಇಲ್ಲ."

ಮಗಳಿಗೆ ಫೋನ್ ಮಾಡಿ ದೂರಿದೆ. ಇದಕ್ಕೆ ರೀಪ್ಲೇ ವ್ಯಾಲ್ಯೂ ಅಂತಾರೆ ಪಪ್ಪಾ ಅಂದಳು. ಮತ್ತೆ ಮತ್ತೆ ಆಡಿದರೂ ಹೊಸದೇನೋ ಸಿಗುವ ಗುಣವಂತೆ. (ನಿಮ್ಮ ಭಾಷಣಗಳಿಗೆ ಆ ಗುಣ ಇಲ್ಲ ಎಂದೂ ಸೇರಿಸಿದಳು. ಕೇಳಿರಲಿಲ್ಲ ನಾನು.)

ಭಾಷಣ ಅಂದೆನಲ್ಲ, ಅಲ್ಲಿಗೇ ಬರುತ್ತೇನೆ. ನಮ್ಮ ಬಡಾವಣೆಯ ಹಿರಿಯರ ಬಳಗ ಒಂದು ಚರ್ಚೆ ಇಟ್ಟುಕೊಂಡಿತ್ತು. ವಿಷಯ: ಹೆಣ್ಣು-ಗಂಡಿನ ಪಗಾರದಲ್ಲಿ ತಾರತಮ್ಯ ಇದೆಯೇ, ಇಲ್ಲವೇ? 'ಇದೆ' ಎನ್ನಲು ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಸುಮಂಗಲಾ ಮೇಡಂ ಸಿದ್ಧರಾಗಿದ್ದರು. 'ಇಲ್ಲ' ಎನ್ನಲು ಯಾರೂ ಸಿಗದೆ ಬಳಗದ ಕಾರ್ಯದರ್ಶಿ ಪಾಟೀಲ ಕಾಕಾ ನನ್ನನ್ನು ಹಿಡಿದರು.

"ನೀವು ಅಂಕಣ ಬರಿಯಾವ್ರು. ಯಾವ ಕಡಿಗಾದ್ರೂ ಮಾತಾಡ್ತೀರಿ ತಗೋರಿ."

ಹೊಗಳಿಕೆಯೋ ಬೈಗುಳವೋ ತಿಳಿಯುವಷ್ಟರಲ್ಲಿ ಒಪ್ಪಿಬಿಟ್ಟಿದ್ದೆ.

ಅದೇ ಭಾನುವಾರ ಸಂಜೆ ಹಾಲ್‌ನಲ್ಲಿ ನಿಂತು ಪ್ರಾಕ್ಟೀಸ್ ಶುರು ಮಾಡಿದೆ. ಕೇಳುಗರು ಇಬ್ಬರು. ಶೈಲಾ ಮತ್ತು ದೈತ್ಯ.

"ಮಹನೀಯರೇ! ಮಹಿಳೆಗೆ ಪಗಾರ ಕಡಿಮೆ ಯಾಕೆ? ಯಾರೂ ಕೊಡುವುದಿಲ್ಲ ಅಂತಲ್ಲ. ಅವಳು ಕೇಳುವುದೇ ಇಲ್ಲ! ಗಂಡಸು ಕೇಳುತ್ತಾನೆ, ಪಡೆಯುತ್ತಾನೆ!"

ಟಿವಿಯಲ್ಲಿ ದೈತ್ಯನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಶೈಲಾ ಆಟವನ್ನು ಪಾಜ್ ಮಾಡಿದ್ದಳು. ನನ್ನ ಮಾತು ಕೇಳಲು ಆಕೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿದ್ದು ಅಪರೂಪ. ಹೆದರಿಕೆಯಾಯಿತು.

"ಕೇಳೂದಿಲ್ಲ ಅಂತ ನಿಮಗ ಯಾರು ಹೇಳಿದ್ರು?"

"ಯಾರಿಲ್ಲ... ಹಂಗ ಜನರಲ್ ಆಗಿ."

"ನಾ ಕೇಳೇನಿ. ಮೂರು ಸಲ ಕೇಳೇನಿ."

ಶೈಲಾ ಲಕಮನಹಳ್ಳಿಯಲ್ಲಿ ನೀರಿನ ಪಂಪ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದಾಳೆ. ಪಕ್ಕದ ಟೇಬಲ್ಲಿನ ಮಂಜುನಾಥನಿಗೆ ಕೆಲಸ ಕಲಿಸಿದವಳು ಇವಳೇ. ಈಗ ಇಬ್ಬರದೂ ಒಂದೇ ಹುದ್ದೆ. ಆದರೆ ಅವನ ಪಗಾರ ಹೆಚ್ಚು. ಚಹಾ ಕುಡಿಯುವಾಗ ಅವನೇ ಬಾಯಿತಪ್ಪಿ ಹೇಳಿದ್ದನಂತೆ.

ಇವಳು ನೇರ ಮ್ಯಾನೇಜರ್ ಸಾಹೇಬರ ಹತ್ತಿರ ಹೋಗಿದ್ದಳು. "ನಿಮ್ಮ ಮನಿಯವರು ದುಡಿತಾರಲ್ರಿ ಮೇಡಂ. ಮಂಜುನಾಥಗ ಪಾಪ, ಸಂಸಾರ ಐತಿ," ಅಂದಿದ್ದರು ಸಾಹೇಬರು. (ಹಾಗಾದರೆ ನಾನು ಮತ್ತು ನನ್ನ ಮಗಳು ಏನು?) ಆಮೇಲೊಮ್ಮೆ ಹೋದಾಗ, "ಮುಂದಿನ ವರ್ಷ ನೋಡೂಣ್ರಿ." ಮುಂದಿನ ವರ್ಷ ಹೋದರೆ, "ನೀವು ನಮ್ಮ ಮನಿ ಮಂದಿ ಇದ್ದಂಗ್ರಿ. ಮನಿ ಮಂದಿ ಪಗಾರ ಪಗಾರ ಅಂತಾರೇನು?"

"ಇಷ್ಟೆಲ್ಲಾ ಆಗೈತಿ, ನನಗ ಯಾಕ ಹೇಳಲಿಲ್ಲ ನೀ?"

"ಹೇಳಿದ್ನಿ. ನೀವು ಕ್ರಿಕೆಟ್ ನೋಡಾಕತ್ತಿದ್ರಿ. ಹ್ಞೂಂ, ಛಲೋ ಆತು ಅಂದ್ರಿ."

ನಾನು ಸೋಫಾದ ತುದಿಯಲ್ಲಿ ಕುಳಿತೆ. ಶೈಲಾ ಟಿವಿಯನ್ನೇ ನೋಡುತ್ತಿದ್ದಳು. ಆಮೇಲೆ ತನಗೆ ತಾನೇ ಎಂಬಂತೆ ಅಂದಳು, "ಸಾಹೇಬ್ರ ಹತ್ರನೂ ಇರೋದು ಅವ ಮೂರು ಮಾತು. ಬ್ಯಾರೆ ಇಲ್ಲ. ನಾನ ಪ್ರತಿ ಸಲ ಸಿಟ್ಟಿನ್ಯಾಗ ಹೋಗಿ ಸೋತು ಬಂದೇನಿ. ನಾಳೆ ಮತ್ತ ಹೋಗ್ತೇನಿ."

"ಬ್ಯಾಡ ಬಿಡು. ಅವರು ಮನಸಿಗೆ ಹಚ್ಚಿಕೊಂಡು ನೌಕರಿಗೇ ಕುತ್ತು ತಂದ್ರ?"

"ಈ ನೌಕರಿ ಬಗ್ಗೆ ನಿಮಗಿಂತ ಹೆಚ್ಚಿಗಿ ನನಗ ಚಿಂತಿ ಐತ್ರಿ. ಅದಕ್ಕ ಹೊಂಟೇನಿ."

ಸೋಮವಾರ ನನಗೆ ಒಂದು ಸಾಲೂ ಬರೆಯಲಾಗಲಿಲ್ಲ. ಮಧ್ಯಾಹ್ನ ಫೋನ್ ಮಾಡಿದೆ, ಎತ್ತಲಿಲ್ಲ. ಸಂಜೆ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಬಾಗಿಲಿಗೆ ಓಡಿದೆ. ಶೈಲಾ ನಿಧಾನಕ್ಕೆ ನೀರು ಕುಡಿದಳು. ಆಮೇಲೆ ನಡೆದದ್ದು ಹೇಳಿದಳು.

ಸಾಹೇಬರು ಹಳೆಯ ಮಾತಿಂದಲೇ ಶುರು ಮಾಡಿದರಂತೆ. "ನಿಮ್ಮ ಮನಿಯವರು ದುಡಿತಾರಲ್ರಿ."

"ನಿಮ್ಮ ಮನಿಯವರೂ ಡಾಕ್ಟರ್ ಅದಾರಲ್ರಿ ಸರ್. ಅದಕ್ಕಂತ ನಿಮ್ಮ ಪಗಾರ ಕಡಿಮಿ ಮಾಡ್ಯಾರೇನ್ರಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಲ್ಲ ಮೇಡಂ, ಮುಂದಿನ ವರ್ಷ..."

"ಅದು ಈ ವರ್ಷನ ರೀ ಸರ್."

ಉಳಿದದ್ದು ಒಂದೇ ಬಾಣ. ಅದನ್ನೂ ಬಿಟ್ಟರು. "ನೋಡ್ರಿ, ನೀವು ನಮ್ಮ ಮನಿ ಮಂದಿ..."

"ಮನಿ ಮಂದಿ ಅಂತ ಪಗಾರ ಕಡಿಮಿ ಆಗೂದಾದ್ರ ನನ್ನ ಹೊರಗಿನಾಕಿ ಅಂತ ತಿಳೀರಿ ಸರ್. ಬೇಕಾದ್ರ ಮಂಜುನಾಥನ್ನ ಮನಿ ಮಂದಿ ಮಾಡಿಕೊಳ್ರಿ."

ಸಾಹೇಬರ ಬತ್ತಳಿಕೆ ಖಾಲಿ. ಇವಳು ಅಲುಗಾಡಲಿಲ್ಲ. ಕೊನೆಗೆ, ವ್ಯತ್ಯಾಸದಲ್ಲಿ ಅರ್ಧ ಈ ತಿಂಗಳಿಂದಲೇ, ಉಳಿದದ್ದು ದೀಪಾವಳಿಗೆ ಅಂದರು. ಇವಳು ಮೇಲ್ ಕಳಿಸ್ರಿ ಅಂದಳು. ಕಳಿಸಿದರು. ಕಳಿಸುವ ತನಕ ಇವಳು ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ನಾನು ಕುಣಿಯುವುದೊಂದು ಬಾಕಿ. ಶೈಲಾ ಮಾತ್ರ ಮುಖ ಗಂಟು ಹಾಕಿಕೊಂಡಿದ್ದಳು.

"ಯಾಕ, ಖುಷಿ ಆಗಲಿಲ್ಲೇನು?"

"ಖುಷಿ ಆತು. ಸಿಟ್ಟೂ ಬಂತು. ಹೊರಗ ಬಂದು ಮಂಜುನಾಥಗ ಕೇಳಿದ್ನಿ, ನೀ ಅಷ್ಟು ಪಗಾರ ಹೆಂಗ ಕೇಳಿ ತಗೊಂಡಿ ಮಾರಾಯಾ ಅಂತ. ಅವ ಅಂದ, ಮೇಡಂ, ನಾ ಕೇಳೇ ಇಲ್ರಿ. ಅವರಾಗೇ ಕೊಟ್ರು."

ಅಲ್ಲಿಗೆ ನನ್ನ ಭಾಷಣ ಸತ್ತಿತು. ನನ್ನದು ಒಂದೇ ಪಾಯಿಂಟ್ ಇತ್ತು ಸ್ವಾಮಿ! ಗಂಡಸು ಕೇಳುತ್ತಾನೆ, ಪಡೆಯುತ್ತಾನೆ ಅಂತ. ಇಲ್ಲಿ ಕೇಳದವನಿಗೆ ತಾನಾಗಿ ಬಂದಿದೆ, ಕೇಳಿ ಕೇಳಿ ಸಾಕಾದವಳಿಗೆ ಅರ್ಧ ದಕ್ಕಿದೆ.

ಶನಿವಾರದ ಚರ್ಚೆಗೆ ಹೋದೆ. ಶೈಲಾಳ ಒಪ್ಪಿಗೆ ಪಡೆದು ಇಷ್ಟೂ ಕಥೆ ಹೇಳಿ, "ನಾನು 'ಇಲ್ಲ' ಅನ್ನಲು ಬಂದವನು, ಹೇಳಲು ನನ್ನ ಹತ್ತಿರ ಏನೂ ಇಲ್ಲ" ಅಂದು ಕುಳಿತೆ. ಸುಮಂಗಲಾ ಮೇಡಂ ಎದ್ದು ಸೊಗಸಾಗಿ ಮಾತಾಡಿದರು. ಹಿರಿಯರೆಲ್ಲ ತಲೆದೂಗಿದರು. ತಾರತಮ್ಯ ಇದೆ ಎಂದು ಸಭೆ ಕೈಯೆತ್ತಿ ತೀರ್ಮಾನಿಸಿತು. ಎಲ್ಲರಿಗಿಂತ ಎತ್ತರಕ್ಕೆ ಕೈಯೆತ್ತಿದವರು ಪಾಟೀಲ ಕಾಕಾ.

ಆಮೇಲೆ ಸನ್ಮಾನ. ಕಾಕಾ ನನಗೆ ಜರಿ ಅಂಚಿನ ದೊಡ್ಡ ಶಾಲು ಹೊದಿಸಿ, ಹಾರ ಹಾಕಿ, ಪೇಢೆಯ ಡಬ್ಬಿ ಕೊಟ್ಟರು. ಮೇಡಂ ಕೈಗೆ ಒಂದು ಕುಪ್ಪಸದ ಖಣ ಇಟ್ಟರು.

"ಪಾಟೀಲರ, ಅವರಿಗೆ ಶಾಲು, ನನಗ ಖಣ?" ಮೇಡಂ ನಗುತ್ತಲೇ ಕೇಳಿದರು.

"ಮೊದಲಿಂದ ಹಂಗ ಬಂದೈತಲ್ರಿ ಮೇಡಂ," ಅಂದರು ಕಾಕಾ.

ತಾರತಮ್ಯ ಇಲ್ಲ ಎನ್ನಲು ಬಂದು ಸೋತವನಿಗೆ ಶಾಲು, ಇದೆ ಎಂದು ಗೆದ್ದವರಿಗೆ ಖಣ ಎಂದ ಮೇಲೆ, ಅಷ್ಟು ಹೊತ್ತು ನಾವು ಚರ್ಚೆ ಮಾಡಿದ್ದಾದರೂ ಏನನ್ನು?