ಹನಮವ್ವನ ಗೊಬ್ಬರದ ಡ್ರಮ್ಮು, ದಾಕ್ಷಾಯಿಣಿಯ ಕಡಕ್ ರೊಟ್ಟಿ

ಹುಕ್ಕೇರಿಯ ಆ ಓಣಿಯಲ್ಲಿ ಚಹಾ ಕುದಿಯುವ ಮುಂಚೆಯೇ ಹನಮವ್ವ ಕೋಲು ಹಿಡಿದು ಹಿತ್ತಲಿಗೆ ಇಳಿಯುತ್ತಾಳೆ. ನೀಲಿ ಡ್ರಮ್ಮಿಗೆ ಎರಡು ಸಲ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಮುಚ್ಚಳ ತೆಗೆಯುತ್ತಾಳೆ. "ಒಳಗ ಯಾರರ ಇದ್ರ ಗಾಬರಿ ಆಗಬಾರ್ದಲ್ರಿ, ಅವ್ಕೂ, ನನಗೂ" ಎಂದು ನಗುತ್ತಾಳೆ. ಒಂದು ಹಿಡಿ ಗೊಬ್ಬರ ಎತ್ತಿ ಮೂಸುತ್ತಾಳೆ. ಮೊದಲ ಮಳೆಗೆ ನೆನೆದ ಹೊಲದ ವಾಸನೆ ಬಂದರೆ ಸರಿ. ಹುಳಿ ವಾಸನೆ ಬಂತೋ, ಆ ಮನೆಯವರಿಗೆ ಬೆಳಗಿನ ಬೈಗುಳ ತಪ್ಪಿದ್ದಲ್ಲ.

ಹನ್ನೆರಡು ಮನೆಗಳ ಅಡುಗೆಕಸ, ಮನೆಗೊಂದು ಡ್ರಮ್ಮಿನಂತೆ, ಹೀಗೆ ಇವಳ ಕೈಯಲ್ಲಿ ಗೊಬ್ಬರವಾಗುತ್ತದೆ. ಮನೆಮನೆಯವರು ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಹನಮವ್ವನ ಒಲೆ ಉರಿಯುವುದು ಅದರಿಂದಲೇ. ಕಾಯಿಪಲ್ಲೆ ಸಿಪ್ಪೆ, ಸೋಸಿದ ಚಹಾಪುಡಿ ಹಾಕಬಹುದು. ಅನ್ನ, ರೊಟ್ಟಿ, ಎಣ್ಣೆಪಸೆಯದ್ದು, ಎಲುಬು ಹಾಕುವಂತಿಲ್ಲ. ಹಸಿಕಸವನ್ನು ನಡುವೆ ಹುದುಗಿಸಿ ಮೇಲೆ ಕಬ್ಬಿನ ಒಣ ಎಲೆ, ಅಂದರೆ ರವದಿಯನ್ನು ದಪ್ಪಗೆ ಹೊದಿಸುತ್ತಾಳೆ. ಡ್ರಮ್ಮು ಇಟ್ಟಂಗಿಯ ಮೇಲೆ ನಿಂತಿರುತ್ತದೆ, ತಳಕ್ಕೂ ಗಾಳಿ ತೂತುಗಳಿಗೂ ಸಣ್ಣ ಕಣ್ಣಿನ ತಂತಿಜಾಳಿಗೆ.

"ಇಲಿ ಬರೂದು ವಾಸನಿ ಹಿಡದು. ವಾಸನಿ ಮುಚ್ಚಿದ್ರ ಅದಕ್ಕ ನಮ್ಮ ಮನಿ ಹಾದಿನ ಸಿಗಾಂಗಿಲ್ರಿ" ಎನ್ನುತ್ತಾಳೆ.

ಇಷ್ಟೆಲ್ಲ ಎಚ್ಚರವಿದ್ದರೂ ಕಳೆದ ಗಣೇಶ ಚೌತಿಯ ವಾರ ಇಲಿ ಬಂದೇ ಬಂತು. ಪಕ್ಕದ ಮನೆಯ ದಾಕ್ಷಾಯಿಣಿ ಕಡಕ್ ರೊಟ್ಟಿ ಬಡಿದು ಹತ್ತರಗಿಯ ಹೆದ್ದಾರಿ ಖಾನಾವಳಿಗಳಿಗೆ ಕಳಿಸುವಾಕೆ. ಎರಡೂ ಮನೆಗೆ ಹಿತ್ತಲು ಒಂದೇ. ಬೆಳಗ್ಗೆ ನೋಡಿದರೆ ಬುಟ್ಟಿ ತುಂಬ ಕಡಿದ ರೊಟ್ಟಿ. ಆಕೆ ಸೊಂಟಕ್ಕೆ ಸೆರಗು ಸಿಗಿಸಿ ಬಂದೇಬಿಟ್ಟಳು: "ಹನಮವ್ವ, ನಿನ್ನ ಡ್ರಮ್ಮು ರವಿವಾರದೊಳಗ ಎತ್ತು. ಇಲ್ಲಂದ್ರ ನಾನ ಉರುಳಸ್ತೇನಿ."

ಒಂದು ಡ್ರಮ್ಮು ಎದ್ದರೆ ಉಳಿದ ಹನ್ನೊಂದೂ ಏಳುತ್ತವೆ. ಓಣಿಯ ಮಾತು ಬೆಂಕಿಗಿಂತ ಬೇಗ ಹಬ್ಬುತ್ತದೆಂಬುದು ಹನಮವ್ವನಿಗೆ ಗೊತ್ತು. ಡ್ರಮ್ಮು ಮಗುಚಿ ನೋಡಿದಳು. ಜಾಳಿಗೆ ಗಟ್ಟಿಯಿತ್ತು, ಬಿಲವಿರಲಿಲ್ಲ, ಒಳಗೆ ಒಂದು ಅಗುಳೂ ಇರಲಿಲ್ಲ. ಗೋಡೆಯ ಸಂದಿಯಲ್ಲಿ ಮಾತ್ರ ಬಾಳೆ ಎಲೆಯ ಚೂರು ಬಿದ್ದಿತ್ತು. ಅದರ ಮೇಲೆ ಅರ್ಧ ಕಡುಬು.

ಅದನ್ನು ಇಟ್ಟವಳು ಬೇರೆ ಯಾರೂ ಅಲ್ಲ, ಸ್ವತಃ ಹನಮವ್ವ! ಅವಳ ತವರು ನೇಕಾರರ ಮನೆ. ಚೌತಿಯ ಮರುದಿನ, ಮಗ್ಗದ ನೂಲು ಕಡಿಯಬೇಡಿರೆಂದು ಬೇಡಿಕೊಂಡು ಇಲಿಗೆ ಎಡೆ ಇಡುವುದು ಅವರಲ್ಲಿ ರೂಢಿ. ಮಗ್ಗ ಹೋಗಿ ಎಷ್ಟೋ ವರ್ಷವಾಯಿತು, ಎಡೆ ಉಳಿದಿದೆ. "ಮನಿಯೊಳಗ ಇಟ್ಟರ ಇಲಿ ಒಳಗ ಬರ್ತಾವಂತ ಹಿತ್ತಲದಾಗ ಇಟ್ಟೆ. ಊರಿಗೆಲ್ಲ ಬುದ್ಧಿ ಹೇಳಾಕಿ, ನನ್ನ ಬುದ್ಧಿ ಎಲ್ಲಿ ಹೋಗಿತ್ತೋ" ಎಂದು ಈಗಲೂ ತಲೆ ಚಚ್ಚಿಕೊಳ್ಳುತ್ತಾಳೆ.

ಎಲೆಯನ್ನು ಮಣ್ಣಲ್ಲಿ ಹುಗಿದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹನಮವ್ವ ಅದನ್ನೇ ಅಂಗೈಯಲ್ಲಿಟ್ಟುಕೊಂಡು ದಾಕ್ಷಾಯಿಣಿಯ ಬಾಗಿಲಿಗೆ ಹೋದಳು. "ಅಕ್ಕಾರ, ಡ್ರಮ್ಮಿಂದು ತಪ್ಪಿಲ್ರಿ. ತಪ್ಪು ನಂದು. ನಿಮ್ಮ ರೊಟ್ಟಿ ನಾನ ಬಡದು ಕೊಡ್ತೇನಿ."

ದಾಕ್ಷಾಯಿಣಿ ಕಡುಬು ನೋಡಿದಳು, ಹನಮವ್ವನ ಮುಖ ನೋಡಿದಳು. ನಗು ತಡೆಯಲಾಗಲಿಲ್ಲ. "ಅಲ್ಲ, ನೀನ ಊಟಕ್ಕ ಕರದು, ನನ್ನ ಮನಿಗೆ ಕಳಸೀಯಲ್ಲ!" ಎಂದವಳು ಒಳಸರಿದು ಹಿಟ್ಟಿನ ಮಣೆ ಮುಂದಿಟ್ಟಳು. ಎರಡು ದಿನ ಇಬ್ಬರೂ ಎದುರುಬದುರು ಕೂತು ರೊಟ್ಟಿ ಬಡಿದರು. ಡ್ರಮ್ಮು ಉಳಿಯಿತು.

ಎಡೆ ಇಡುವುದನ್ನು ಇನ್ನು ಬಿಟ್ಟಂತೆಯೇ? ಹನಮವ್ವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತದೆ.

"ಬಿಡೂದ್ಯಾಕ್ರಿ? ಈ ಸಲ ಓಣಿ ದಾಟಿ ಹಳ್ಳದ ದಂಡಿಗೆ ಹೋಗಿ ಇಡ್ತೇನಿ. ನೂಲಂತೂ ಈಗ ಇಲ್ಲ. ಕೈ ಮುಗದು, ಅಕ್ಕಾರ ರೊಟ್ಟಿ ಮುಟ್ಟಬ್ಯಾಡ್ರೆಪಾ ಅಂತ ಬೇಡ್ಕೋತೇನಿ."