ಇಟ್ಟಿಗೆಗಳ ನಡುವೆ ಬಿಟ್ಟ ಜಾಗ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ರೋಗಿಗಳ ಹಾಸುಬಟ್ಟೆ ಒಗೆದು, ಹಿಂಡಿ, ಮಡಿಸಿ ನಿವೃತ್ತಳಾದ ಆಕೆಯನ್ನು ಬೀದಿಯವರೆಲ್ಲ ಲಾಂಡ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಗಟ್ಟಿಮುಟ್ಟಾದ ತೋಳು, ಮೂಗಿನ ತುದಿಯಲ್ಲೇ ಕೋಪ. ಅಂಥವಳು ಪ್ರತಿ ಭಾನುವಾರ ಬೆಳಿಗ್ಗೆ ಪಾರ್ಕಿಗೆ ಹೋಗಿ ಪುಕ್ಕಟೆಯಾಗಿ ಮಣ್ಣು ಹೊರುವುದನ್ನು ಕಂಡವರು ಎಂಥ ಸೇವಾ ಮನೋಭಾವ ಎಂದು ಹೊಗಳಿದರು. ಸೇವೆಯೂ ಇಲ್ಲ, ಮನೋಭಾವವೂ ಇಲ್ಲ. ಅಕ್ಕ ಹೋಗುತ್ತಿದ್ದದ್ದು ತನ್ನ ಯಜಮಾನರಿಗಾಗಿ.

ಯಜಮಾನರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಸೀಸದ ಅಕ್ಷರಗಳನ್ನು ಬೆರಳಲ್ಲೇ ಗುರುತಿಸಿ, ತಲೆಕೆಳಗಾದ ಸಾಲನ್ನು ಪತ್ರಿಕೆಯಷ್ಟೇ ಸಲೀಸಾಗಿ ಓದುತ್ತಿದ್ದ ಮನುಷ್ಯ. ಅಚ್ಚುಕೂಟ ಮುಚ್ಚಿದ ಮೇಲೆ ದಿನಾ ಪಾರ್ಕಿಗೆ ಹೋಗಿ, ದೊಡ್ಡ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕೂತು ಬರುತ್ತಿದ್ದರು. ಆಮೇಲೆ ಕಣ್ಣು ಮಂಜಾಗತೊಡಗಿತು. ಡಾಕ್ಟರು ಇನ್ನು ಏನೂ ಮಾಡುವ ಹಾಗಿಲ್ಲ ಎಂದು ಕೈಚೆಲ್ಲಿದರು. ಬೆಂಚಿಗೆ ಹೋಗುವ ದಾರಿಯಲ್ಲಿ ಒಂದೇ ಒಂದು ಮೆಟ್ಟಿಲು, ಅದೂ ಗೇಣೆತ್ತರದ್ದು. ಅಲ್ಲಿ ಮುಗ್ಗರಿಸಿ ಬಿದ್ದು ಮಣಿಕಟ್ಟು ಮುರಿದುಕೊಂಡವರು, ಕೈ ಕೂಡಿಕೊಂಡ ಮೇಲೂ ಎಂಟು ತಿಂಗಳು ಹೊಸಿಲು ದಾಟಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆಂದರೆ ರೇಗುತ್ತಿದ್ದರು. ಬಿಳಿ ಕೋಲಿನ ಮಾತೆತ್ತಿದರೆ ಊಟ ಬಿಡುತ್ತಿದ್ದರು.

"ನನ್ನ ಕಣ್ಣಿನ ವಿಷಯ ಊರಿಗೆಲ್ಲ ಟಾಂಟಾಂ ಮಾಡ್ಬೇಡ. ಒಬ್ಬರು ಅಯ್ಯೋ ಪಾಪ ಅಂದ್ರೂ ನಾನು ಮತ್ತೆ ಈಚೆ ಬರಲ್ಲ" ಎಂದು ಅಕ್ಕನ ಕೈಲಿ ಮಾತು ತೆಗೆದುಕೊಂಡಿದ್ದರು.

ಉಪಾಯ ಹೊಳೆದದ್ದು ಅವರಿಗೇ. ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಖಾಲಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಇಟ್ಟು, ಅದರ ಮೇಲೆ ಬೆರಳಾಡಿಸುತ್ತಾ ಅಕ್ಕನನ್ನು ಕರೆದರು. "ಇಲ್ನೋಡೇ. ದಾರಿಯ ಬಲಗಡೆ ಅಂಚಿಗೆ ಇಟ್ಟಿಗೆ ಇದೆ ಅಂದ್ಕೋ. ನಾನು ಕೊಡೆ ತುದೀಲಿ ಅದನ್ನ ತಟ್ಕೊಂಡು ಹೋಗ್ತೀನಿ. ಒಂದು ಇಟ್ಟಿಗೆಯಷ್ಟು ಜಾಗ ಖಾಲಿ ಸಿಕ್ಕಿದ್ರೆ ಎಡಕ್ಕೆ ತಿರುಗು ಅಂತ. ಎರಡು ಖಾಲಿ ಇದ್ರೆ ಮೆಟ್ಟಿಲು. ಮೂರು ಅಂದ್ರೆ ಬೆಂಚು."

"ಇಷ್ಟೇನಾ?"

"ಇಷ್ಟೇ. ಅಕ್ಷರಗಳ ಮಧ್ಯೆ ಸ್ಪೇಸ್ ಸರಿಯಾಗಿ ಬಿದ್ರೆ ಎಂಥ ಸಾಲನ್ನೂ ಓದಬಹುದು."

ಎಂಟು ತಿಂಗಳಲ್ಲಿ ಅವರ ದನಿಯಲ್ಲಿ ಅಂಥ ಹುರುಪು ಅಕ್ಕ ಕೇಳಿರಲಿಲ್ಲ. ಮಾರನೆಯ ಭಾನುವಾರವೇ ಪಾರ್ಕ್ ಬಳಗಕ್ಕೆ ಹೆಸರು ಕೊಟ್ಟಳು.

ಬಳಗವೋ, ದೇವರಿಗೇ ಪ್ರೀತಿ. ಅದರ ಅಧ್ಯಕ್ಷರು ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮಾಡಿಸಿದ್ದ ಮೇಷ್ಟ್ರು. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಮನುಷ್ಯ ಒಳ್ಳೆಯವರೇ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಅಕ್ಕ ಮೊದಲ ವಾರವೇ ಜಗಳ ತೆಗೆದು ಹಗುರಾಗುತ್ತಿದ್ದಳು. ಸಲಿಕೆ ಗುದ್ದಲಿ ಇರುವ ಕೋಣೆಗೆ ಬೀಗ, ಬೀಗದಕೈ ಮಾಲಿಯ ಹತ್ತಿರ, ಮಾಲಿ ಭಾನುವಾರ ರಜೆ. ನಲ್ಲಿ ಇದೆ, ಅದರ ತಿರುಗಣೆ ಇಲ್ಲ. ತಿರುಗಣೆಗಾಗಿ ಕೊಟ್ಟ ಅರ್ಜಿ ಕಚೇರಿಯಲ್ಲಿ ಯಾವ ಮೇಜಿನ ಮೇಲೆ ಮಲಗಿದೆಯೋ ಯಾರಿಗೂ ಗೊತ್ತಿಲ್ಲ. ಏಳು ಗಂಟೆಗೆ ಎಂದರೆ ಜನ ಎಂಟಕ್ಕೆ ಬರುವರು. ಬಂದೊಡನೆ ಕೆಲಸಕ್ಕೆ ಮುಂಚಿನ ಫೋಟೋ. ಒಂಬತ್ತಕ್ಕೆ ಕೆಲಸದ ನಂತರದ ಫೋಟೋ. ನಡುವೆ ಮೇಷ್ಟ್ರ ಸೀಟಿ. ಕಳೆ ಕೀಳುವವರೂ ಸಾಲಾಗಿ ನಿಲ್ಲಬೇಕು, ಕಸ ಹೊರುವವರೂ ಸಾಲಾಗಿ ನಡೆಯಬೇಕು.

"ಸಾಲು ನೇರ ಇರ್ಲಿ! ಮಧ್ಯೆ ಜಾಗ ಬಿಡ್ಬೇಡಿ!"

ದಾರಿಯ ಅಂಚು ಕಟ್ಟುವುದು ಯಾರಿಗೂ ಬೇಡವಾದ ಕೆಲಸ. ಫೋಟೋದಲ್ಲಿ ಹೂವು ಕಾಣುತ್ತದೆ, ಅಂಚು ಕಾಣುವುದಿಲ್ಲ. ಅಕ್ಕ ತಾನೇ ಮಾಡುತ್ತೇನೆಂದಳು. ಬಿದ್ದುಹೋಗಿದ್ದ ಹಳೆಯ ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಕೆರೆದು, ಮನೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಮಣ್ಣು ನೆನೆಸಿ, ಆರು ಭಾನುವಾರ ಮಂಡಿಯೂರಿ ಕೂತಳು. ಗೇಟಿನಿಂದ ನಲವತ್ತು ಹೆಜ್ಜೆಗೆ ಒಂದು ಜಾಗ. ಎಡಕ್ಕೆ ತಿರುಗಿ ಮೂವತ್ತು ಹೆಜ್ಜೆಗೆ, ಮೆಟ್ಟಿಲಿಗೆ ಸ್ವಲ್ಪ ಮುಂಚೆ, ಎರಡು. ಬೆಂಚಿನ ಎದುರು ಮೂರು. ಮಂಡಿ ಊದಿತು, ಉಗುರು ಒಡೆಯಿತು. ಎರಡು ಸಲ ಯಾರದೋ ಸೈಕಲ್ಲು ಹತ್ತಿ ಸಾಲು ಕೆಟ್ಟಿತು, ಎರಡು ಸಲವೂ ಬೈದುಕೊಳ್ಳುತ್ತಾ ಮತ್ತೆ ಜೋಡಿಸಿದಳು.

ಆರನೆಯ ಭಾನುವಾರ ಮೇಷ್ಟ್ರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಕ್ಕಾ, ಕೆಲಸ ಭರ್ಜರಿ. ಆದ್ರೆ ಅಲ್ಲಲ್ಲಿ ಯಾಕೆ ಖಾಲಿ ಬಿಟ್ಟಿದ್ದೀರಿ? ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ."

ನಿಜ ಹೇಳುವಂತಿರಲಿಲ್ಲ. ಕೊಟ್ಟ ಮಾತು ಬಾಯಿಗೆ ಬೀಗ ಜಡಿದಿತ್ತು. ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿಬಿಟ್ಟಳು.

"ಇಟ್ಟಿಗೆ ಸಾಲಲಿಲ್ಲ ಸಾರ್."

ಅದೊಂದು ಸುಳ್ಳು. ಇಷ್ಟು ಚಿಕ್ಕ ಸುಳ್ಳಿಗೆ ಮುಂದೆ ಅಷ್ಟು ಪಡಿಪಾಟಲು ಪಡಬೇಕಾದೀತೆಂದು ಆಗ ಅವಳಿಗೆ ಅನ್ನಿಸಲಿಲ್ಲ.

ಆ ವಾರ ಗಂಡಹೆಂಡತಿ ಮೂರು ಸಲ ಒಟ್ಟಿಗೆ ಹೋಗಿ ನೋಡಿದರು. ಯಜಮಾನರ ಬಲಗೈಯಲ್ಲಿ ಕಪ್ಪು ಕೊಡೆ, ಮಡಿಸಿದ್ದು. ನೋಡಿದವರಿಗೆ ಮಳೆಗೆ ಹೆದರುವ ಮುದುಕನಂತೆ ಕಾಣಬೇಕು, ಅಷ್ಟೇ. ಟಕ್ ಟಕ್ ಎಂದು ತಟ್ಟುತ್ತಾ ನಡೆದು, ಖಾಲಿ ಸಿಕ್ಕಲ್ಲಿ ತಿರುಗಿ, ಎರಡು ಖಾಲಿ ಸಿಕ್ಕಲ್ಲಿ ನಿಂತು ಕಾಲಿನಿಂದ ಮೆಟ್ಟಿಲು ತಡವಿ ಇಳಿದರು. ಮೂರನೆಯ ಸಲ ಬೆಂಚಿನ ಮೇಲೆ ಕೂತು, "ಸೋಮವಾರ ನಾನೊಬ್ಬನೇ ಬರ್ತೀನಿ. ನೀನು ಗೇಟಲ್ಲಿ ನಿಂತ್ಕೋ. ಹಿಂದೆ ಬರ್ಬಾರ್ದು, ಕೂಗ್ಬಾರ್ದು" ಎಂದರು. ಅಕ್ಕ ಒಪ್ಪಿದಳು. ಭಾನುವಾರ ಅವಳ ತಂಗಿ ಮನೆ ಬದಲಾಯಿಸುವುದಿತ್ತು, ಪಾತ್ರೆ ಹೊರಲು ಹೋದಳು. ಬಳಗಕ್ಕೆ ಆ ಒಂದು ವಾರ ಚಕ್ಕರ್.

ಸೋಮವಾರ ಯಜಮಾನರು ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕಿಕೊಂಡರು. ಗೇಟಿನಲ್ಲಿ ಅಕ್ಕನ ಕೈ ಬಿಡಿಸಿಕೊಂಡು ಒಳಗೆ ಹೊರಟರು. ಅಕ್ಕ ಆಗ ತಲೆಯೆತ್ತಿ ದಾರಿಯನ್ನು ನೋಡಿದಳು.

ಅಂಚಿನ ಇಟ್ಟಿಗೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಸುಣ್ಣ ಬಳಿದು, ಸಿಮೆಂಟು ಮೆತ್ತಿ, ನೂಲು ಹಿಡಿದಂತೆ ಒಂದೇ ಸಾಲು. ಎಲ್ಲೂ ಜಾಗವಿಲ್ಲ.

ಕೂಗಲು ಬಾಯಿ ತೆರೆದಳು, ಮುಚ್ಚಿದಳು. ಕೂಗಿದರೆ ಇಡೀ ಪಾರ್ಕು ತಿರುಗಿ ನೋಡುತ್ತದೆ. ಕೂಗದಿದ್ದರೆ? ಕೊಡೆ ಟಕ್ ಟಕ್ ಎನ್ನುತ್ತಾ ನಲವತ್ತು ಹೆಜ್ಜೆ ಹೋಯಿತು, ನಲವತ್ತೈದು ಹೋಯಿತು. ಯಜಮಾನರು ನಿಂತರು. ಕೊಡೆಯ ತುದಿ ಹಿಂದೆ ಬಂತು, ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಇಸ್ತ್ರಿ ಅಂಗಿಯ ಬೆನ್ನು ನಿಧಾನಕ್ಕೆ ಬಾಗುವುದನ್ನು ಅಕ್ಕ ಅಷ್ಟು ದೂರದಿಂದಲೂ ಕಂಡಳು. ಮಾತು ಕೊಟ್ಟದ್ದೆಲ್ಲ ಮರೆತು ಓಡಿದಳು.

ಅವಳಿಗಿಂತ ಮೊದಲೇ ಡ್ರಿಲ್ ಮೇಷ್ಟ್ರು ಅಲ್ಲಿದ್ದರು. ಹೊಸ ಸಿಮೆಂಟಿಗೆ ನೀರು ಹಾಕಲೆಂದು ತಂದ ತಂಬಿಗೆ ಕೈಯಲ್ಲೇ ಇತ್ತು.

"ಏನು ಸಾರ್, ಏನಾದ್ರೂ ಬಿದ್ದುಹೋಯ್ತಾ? ಹುಡುಕ್ಕೊಡ್ಲಾ?"

"ಸ್ಪೇಸು" ಎಂದರು ಯಜಮಾನರು. "ಇಲ್ಲೊಂದು ಸ್ಪೇಸ್ ಇತ್ತು. ಯಾರೋ ನನ್ನ ಪ್ರೂಫ್ ತಿದ್ದಿದ್ದಾರೆ."

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಏದುಸಿರು ಬಿಡುತ್ತಾ ಬಂದ ಅಕ್ಕನನ್ನು ಕಂಡು ಮುಖ ಅರಳಿತು. "ಬನ್ನಿ ಅಕ್ಕಾ! ನಿಮಗೆ ಇಟ್ಟಿಗೆ ಸಾಲದೆ ಹೋಯ್ತಲ್ಲ ಅಂತ ನಾವೇ ಹೊತ್ಕೊಂಡು ಬಂದು ತುಂಬಿಸಿದ್ವಿ. ನಿನ್ನೆ ವಾರ್ಡಿನ ಸದಸ್ಯರು ಬಂದು ಉದ್ಘಾಟನೆ ಮಾಡಿ, ಅಲ್ಲಿ ಮೆಟ್ಟಿಲ ಹತ್ರದ ಇಟ್ಟಿಗೆ ಪಕ್ಕ ನಿಂತು ಫೋಟೋ ತೆಗೆಸ್ಕೊಂಡ್ರು. ಎಲ್ಲಾ ಕ್ರೆಡಿಟ್ಟು ನಿಮಗೇ ಅಂತ ಹೇಳಿದ್ದೀನಿ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನನ್ನು ಬೈಯಬೇಕು, ಬೈಯಲು ಹಿಡಿದುಕೊಳ್ಳುವ ತಪ್ಪು ಒಂದೂ ಅವರಲ್ಲಿಲ್ಲ. ಇಟ್ಟಿಗೆ ಸಾಲಲಿಲ್ಲ ಅಂದವಳು ತಾನು. ಆರು ವಾರದ ಮಂಡಿನೋವು, ಎಂಟು ತಿಂಗಳ ಬಾಗಿಲು ಮುಚ್ಚಿದ ಮನೆ ಎಲ್ಲ ಒಟ್ಟಿಗೆ ಮಾತಾಗಿ ಹೊರಬಿತ್ತು.

"ನಿಮ್ಮನ್ನ ಯಾರು ಕೇಳಿದ್ರು ತುಂಬಿಸಿ ಅಂತ? ಒಂದು ಜಾಗ ಖಾಲಿ ಇದ್ರೆ ನಿಮಗೆ ಉಸಿರು ಕಟ್ಟುತ್ತಾ?"

ಮೇಷ್ಟ್ರು ಪೆಚ್ಚಾದರು. "ಯಾಕಕ್ಕಾ, ಏನಾಯ್ತು? ಬೇಕು ಅಂತಲೇ ಬಿಟ್ಟಿದ್ದಾದ್ರೆ ಮೊದಲೇ ಹೇಳ್ಬಾರ್ದಿತ್ತಾ?"

ಅಕ್ಕ ಹಲ್ಲು ಕಚ್ಚಿ ನೆಲ ನೋಡಿದಳು.

"ಹೇಳ್ಬೇಡ ಅಂದಿದ್ದು ನಾನು" ಎಂದರು ಯಜಮಾನರು. ದನಿ ಜೋರಾಗಿಯೇ ಬಂತು. ವಾಕಿಂಗಿನವರು ಇಬ್ಬರು ನಿಂತು ನೋಡಿದರು. "ನನಗೆ ಕಣ್ಣು ಕಾಣಲ್ಲ ಮೇಷ್ಟ್ರೇ. ಆ ಖಾಲಿ ಜಾಗ ತಟ್ಕೊಂಡೇ ನಾನು ಬೆಂಚಿಗೆ ಹೋಗೋದು."

ಮೇಷ್ಟ್ರ ಕೈಯ ತಂಬಿಗೆ ವಾಲಿ ನೀರೆಲ್ಲ ಅವರ ಬೂಟಿನ ಮೇಲೆ ಸುರಿಯಿತು. ಅಯ್ಯೋ ಪಾಪ ಎಂಬ ಮಾತು ಅವರ ತುಟಿಯವರೆಗೂ ಬಂದದ್ದನ್ನು ಕಂಡು ಅಕ್ಕ ಕಣ್ಣು ಕೆಂಪಗೆ ಮಾಡಿದಳು. ಅವರು ಅದನ್ನು ನುಂಗಿಕೊಂಡರು. "ಬರೋ ಭಾನುವಾರ ಬಳಗದ ಸಭೇಲಿ ಇಡ್ತೀನಿ. ವಾರ್ಡಿನ ಸದಸ್ಯರಿಗೂ ಒಂದು ಮಾತು ತಿಳಿಸ್ಬೇಕು. ಈಗಷ್ಟೇ ಉದ್ಘಾಟನೆ ಆಗಿರೋದು ಒಡೆಯೋದು ಅಂದ್ರೆ..."

ಸಭೆ! ನಲ್ಲಿಯ ತಿರುಗಣೆ ಇನ್ನೂ ಸಭೆಯಲ್ಲೇ ಇದೆ. ಅಕ್ಕ ಸುತ್ತ ನೋಡಿದಳು. ನಿನ್ನೆಯ ಗಾರೆ ಕೆಲಸದ ಸುತ್ತಿಗೆ ಪೊದೆಯ ಬುಡದಲ್ಲಿ ಬಿದ್ದಿತ್ತು. ಸೀರೆ ಎತ್ತಿ ಕಟ್ಟಿ, ಎಡದಾರಿ ಕವಲೊಡೆಯುವಲ್ಲಿಗೆ ಹೋಗಿ, ತಾನು ಬಿಟ್ಟಿದ್ದ ಜಾಗಕ್ಕೆ ತುಂಬಿದ ಇಟ್ಟಿಗೆ ಹುಡುಕಿ ಬೀಸಿ ಒಂದು ಕೊಟ್ಟಳು. ಇಟ್ಟಿಗೆ ಎರಡು ಹೋಳಾಯಿತು, ಸಿಮೆಂಟು ಜಗ್ಗಲಿಲ್ಲ. ಮತ್ತೊಂದು ಕೊಟ್ಟಳು. ಒಂದು ಹೋಳು ಹಾರಿ ಹುಲ್ಲಿಗೆ ಬಿತ್ತು, ಇನ್ನೊಂದು ಅಲ್ಲೇ ಕಚ್ಚಿಕೊಂಡು ಕೂತಿತು. ಮೂರನೆಯ ಏಟಿಗೆ ಸುತ್ತಿಗೆಯ ಹಿಡಿ ಸಡಿಲವಾಯಿತು. ಸಿಟ್ಟಿಗೆ ಅಳುವೇ ಬಂತು.

"ದರಿದ್ರದ್ದು, ಅರ್ಧಾನೇ ಬಂತು."

ಯಜಮಾನರು ಸದ್ದು ಹಿಡಿದು ಹಿಂದಕ್ಕೆ ಬಂದರು. ಕೊಡೆಯ ತುದಿಯಿಂದ ಆ ಅರ್ಧ ಹಳ್ಳವನ್ನು ತಡವಿದರು.

"ಸಾಕು ಬಿಡೇ. ಓದ್ಬಹುದು."

ಎಂದವರೇ ಎಡಕ್ಕೆ ತಿರುಗಿ, ಯಾರ ಕೈಗೂ ಕಾಯದೆ, ಬೆಂಚಿನ ದಾರಿಯಲ್ಲಿ ಹೊರಟೇಬಿಟ್ಟರು. ಟಕ್ ಟಕ್ ಟಕ್.

"ರೀ, ನಿಲ್ರೀ! ಮೆಟ್ಟಿಲ ಹತ್ರದ ಎರಡೂ ಇನ್ನೂ ಹಾಗೇ ಇವೆ!"

"ಹಾಗಾದ್ರೆ ಬೇಗ ಹೋಗು" ಎಂದರು ಯಜಮಾನರು, ತಿರುಗದೆ, ನಿಲ್ಲದೆ. "ನನಗಿಂತ ಮುಂಚೆ ಮುಟ್ಟಬೇಕು."

ಇಂಥ ಹಟಮಾರಿಯನ್ನು ಕಟ್ಟಿಕೊಂಡ ತನ್ನ ಹಣೆಬರಹವನ್ನು ಶಪಿಸುತ್ತಾ ಅಕ್ಕ ಸುತ್ತಿಗೆ ಹಿಡಿದು ಹುಲ್ಲಿನ ಮೇಲೆ ಅವರನ್ನು ಹಿಂದೆ ಹಾಕಿ ಓಡಿದಳು. ಅವಳ ಬೆನ್ನ ಹಿಂದೆಯೇ ಒದ್ದೆ ಬೂಟಿನ ಪಚಪಚ ಸದ್ದು ಬರುತ್ತಿತ್ತು.

"ಅಕ್ಕಾ, ಬೇಡ, ಫೋಟೋದಲ್ಲಿರೋ ಇಟ್ಟಿಗೆ ಅದು!" ಎಂದು ಕೂಗುತ್ತಲೇ ಓಡಿ ಬಂದ ಮೇಷ್ಟ್ರು, ಮೆಟ್ಟಿಲ ಬಳಿ ಮಂಡಿಯೂರಿ, ಎರಡನೆಯ ಇಟ್ಟಿಗೆಯನ್ನು ಬರಿಗೈಯಲ್ಲೇ ಅಲ್ಲಾಡಿಸತೊಡಗಿದರು.