ತೊಟ್ಟಿಲಿಗೆ ಕಟ್ಟಿದ ಗುಂಡಿ ಕಳ್ಳಿ

ನಮ್ಮ ತಾತ ಮುನಿಕೃಷ್ಣಪ್ಪನಿಗೆ ನೀರು ಹಾಕುವ ಚಪಲ. ಚಪಲ ಅನ್ನದೆ ಬೇರೇನನ್ನಲಿ? ವಕ್ಕಲೇರಿಯ ನಮ್ಮ ಮನೆಯಲ್ಲಿ ಬೇಲಿಗೆ ನೆಟ್ಟ ಒಣ ಗೂಟಕ್ಕೂ ಒಂದು ಚೆಂಬು ನೀರು ಸುರಿದು, ಆಮೇಲೆ ತಾನು ಮುದ್ದೆಗೆ ಕೈ ಇಡುತ್ತಿದ್ದ. ಅಜ್ಜಿ ಆಂಜಿನಮ್ಮ ಬೈದರೆ, "ಬಾಯಿಲ್ಲದ ಜೀವ ಕಣೇ, ಕೇಳಕ್ಕಾಗ್ತದಾ ಅದಕ್ಕೆ?" ಅನ್ನುತ್ತಿದ್ದ. ಗೂಟಕ್ಕೆ ಜೀವ ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ಮನೆಯಲ್ಲಿ ಅಜ್ಜಿಗೆ ಮಾತ್ರ ಇತ್ತು.

ಊರಿಗೆ ಬಂದು ನೆಲೆಸುವ ಮೊದಲು ತಾತ ಚಿನ್ನದ ಗಣಿಯ ಇಂಗ್ಲಿಷ್ ಇಂಜಿನಿಯರರೊಬ್ಬರ ಬಂಗಲೆಯಲ್ಲಿ ಮಾಲಿಯಾಗಿದ್ದ. ಆ ಮನೆಯ ದೊರೆಸಾನಿಗೆ ಕಳ್ಳಿಯ ಹುಚ್ಚು. ನಮ್ಮ ಹೊಲದ ಬೇಲಿಯ ಆಳೆತ್ತರದ ಕಳ್ಳಿಯಲ್ಲ, ಅಂಗಿಯ ಗುಂಡಿಯಷ್ಟೇ ಇರುವ ಕಳ್ಳಿ. ಮೆಕ್ಸಿಕೋ ಕಡೆಯ ಮರಳುಗಾಡಿನಲ್ಲಿ ಸುಣ್ಣಕಲ್ಲಿನ ಸಂದಿಯಲ್ಲಿ ಬೆಳೆಯುತ್ತದಂತೆ. ಅದರ ಕುಲದ ಹೆಸರು ಎಪಿಥೆಲಾಂಥ. ತಾತ ಒಂದು ವಾರ ನಾಲಿಗೆ ಹೊರಳಿಸಿ ನೋಡಿ ಸೋತು, ಗುಂಡಿ ಕಳ್ಳಿ ಎಂದು ತಾನೇ ನಾಮಕರಣ ಮಾಡಿದ.

1934ರಲ್ಲಿ ದೊರೆಸಾನಿಯ ಹತ್ತು ವರ್ಷದ ಮಗಳು ಓದಲು ಇಂಗ್ಲೆಂಡಿಗೆ ಹೊರಡುವ ಹಿಂದಿನ ದಿನ, ಸಾಸಿವೆಗಿಂತ ಸಣ್ಣ ಬೀಜಗಳನ್ನು ತನ್ನ ಕೈಯಾರೆ ಬಿತ್ತಿದ್ದಳು. ಐದು ವರ್ಷಕ್ಕೆ ಹನ್ನೆರಡು ಗಿಡ ಉಳಿದಿದ್ದವು. ಕುಲ ಒಂದೇ ಆದರೂ ಜಾತಿ ಬೇರೆ ಬೇರೆ. ಹೆಚ್ಚಿನವು ಸುಣ್ಣ ಬಳಿದಷ್ಟು ಬಿಳಿ, ಉಳಿದವು ಬೂದಿ ಬಣ್ಣ. ಬೂದಿಯವುಗಳಲ್ಲೇ ಎರಡಕ್ಕೆ ನೆತ್ತಿ ಹೊಕ್ಕುಳಿನಂತೆ ತಗ್ಗಿತ್ತು. ಮೈ ತುಂಬ ಮುಳ್ಳು, ಆದರೆ ಒಂದೂ ಚುಚ್ಚುತ್ತಿರಲಿಲ್ಲ.

1939ರ ಬೇಸಿಗೆಯಲ್ಲಿ ದೊರೆಸಾನಿ ಗಂಡನೊಂದಿಗೆ ರಜೆಗೆಂದು ತಾಯ್ನಾಡಿಗೆ ಹೊರಟಾಗ ಆ ಹನ್ನೆರಡೂ ಇದ್ದ ಮಣ್ಣಿನ ತಟ್ಟೆಯನ್ನು ತಾತನ ಕೈಗಿಟ್ಟಳು. "ಇದು ನನ್ನ ಮಗಳು ಬಿತ್ತಿದ್ದು, ಮುನಿಕೃಷ್ಣಪ್ಪ. ಜೋಪಾನ. ಮಳೆಗೆ ಇಡಬೇಡ. ಚಳಿಗಾಲದಲ್ಲಿ ಒಂದು ಹನಿ ನೀರೂ ಹಾಕಬೇಡ" ಎಂದಳು. ತಾತ ತಲೆಯಲ್ಲಾಡಿಸಿದ. ಅಷ್ಟರಲ್ಲಿ ಯುದ್ಧ ಶುರುವಾಯಿತು, ಅವಳು ಅಲ್ಲೇ ಉಳಿದಳು. ಅವರು ಹೋದ ಕೂಡಲೇ ಬಂಗಲೆಗೆ ಬಂದಿದ್ದ ಹೊಸ ದೊರೆಗೆ ತೋಟ ಬೇಡವಾಗಿತ್ತು. ತಾತ ತಟ್ಟೆ ಹೊತ್ತುಕೊಂಡು ಊರಿಗೆ ಬಂದ.

ದಿನಾ ಬೆಳಿಗ್ಗೆ ತಾತ ಗಿಡಗಳನ್ನು ಎಣಿಸುತ್ತಿದ್ದ. ಗೌರಿ ಹಬ್ಬ ಕಳೆದ ಮಾರನೇ ದಿನ ಎಣಿಸಿದರೆ ಹನ್ನೊಂದೇ ಇದ್ದವು.

ಕದ್ದವಳು ಅಜ್ಜಿ. ಆಗ ನನ್ನ ತಾಯಿ ಭಾರತಮ್ಮ ಬಾಣಂತನಕ್ಕೆ ಬಂದಿದ್ದಳು, ನನಗೆ ಎರಡು ತಿಂಗಳು. ದೃಷ್ಟಿ ತಾಗದಿರಲೆಂದು ನಮ್ಮ ಕಡೆ ಬಾಗಿಲ ಮೇಲೆ ಕಳ್ಳಿಯನ್ನು ತಲೆಕೆಳಗಾಗಿ ಕಟ್ಟುತ್ತಾರೆ. ನನಗೂ ಒಂದು ಕಟ್ಟಬೇಕೆಂದು ಅಜ್ಜಿಯ ಆಸೆ. ಆದರೆ ಬೇಲಿಯ ಕಳ್ಳಿಯನ್ನು ತೊಟ್ಟಿಲಿಗೆ ಕಟ್ಟಲಾದೀತೇ? ಮುಳ್ಳಿದ್ದೂ ಚುಚ್ಚದ ಕಳ್ಳಿ ಕಣ್ಣೆದುರೇ ಇತ್ತು. ಅದರಲ್ಲಿ ಬೆಳ್ಳಗಿದ್ದ ಒಂದನ್ನು ಬೇರುಸಮೇತ ಕಿತ್ತು, ಕರೀ ಬಟ್ಟೆಯಲ್ಲಿ ಸುತ್ತಿ, ಅದರ ಸೊಂಟಕ್ಕೆ ಕರೀ ದಾರ ಬಿಗಿದು ತೊಟ್ಟಿಲಲ್ಲಿ ನನ್ನ ತಲೆಯ ಮೇಲೆ ತೂಗುಬಿಟ್ಟಳು.

ತಾತನ ಅನುಮಾನ ಹೋದದ್ದು ಪಕ್ಕದ ಮನೆ ಕದಿರಪ್ಪನ ಕೋಳಿಯ ಮೇಲೆ. "ನಿನ್ನ ಕೋಳಿ ನನ್ನ ಕಳ್ಳಿ ತಿಂದೈತೆ!" ಎಂದು ಬೀದಿಯಲ್ಲಿ ನಿಂತು ಕೂಗಾಡಿದ. "ಏನ್ಲಾ ಮುನಿಕೃಷ್ಣ, ಬುದ್ಧಿ ನೆಟ್ಟಗೈತಾ? ಕೋಳಿ ಕಳ್ಳಿ ತಿಂತದಾ?" ಎಂದು ಕದಿರಪ್ಪನೂ ಕೂಗಿದ. ಇಬ್ಬರೂ ಮಾತು ಬಿಟ್ಟರು. ಅಜ್ಜಿ ಒಳಗೆ ತೊಟ್ಟಿಲು ತೂಗುತ್ತಿದ್ದಳು.

ಜೊತೆಯದು ಹೋದ ದುಃಖಕ್ಕೆ ಉಳಿದವು ಸೊರಗುತ್ತಿವೆ ಎಂದು ತಾತನೇ ತೀರ್ಮಾನಿಸಿದ. ಚಳಿ ಬಂದರೂ ನೀರು ನಿಲ್ಲಿಸಲಿಲ್ಲ. "ಆಯಮ್ಮ ಹಸಿವು ಕಂಡೋರಾ?" ಎಂದು ದೊರೆಸಾನಿಯ ಮಾತನ್ನೇ ತಳ್ಳಿಹಾಕಿದ. ನಮ್ಮ ಮನೆಯಲ್ಲಿ ಅನ್ನ ಹಬ್ಬದ ದಿನ ಮಾತ್ರ. ದೀಪಾವಳಿಗೆ ಅಕ್ಕಿ ತೊಳೆದ ನೀರನ್ನೂ ಅವಕ್ಕೇ ಕುಡಿಸಿದ. ಹದಿನೈದು ದಿನದಲ್ಲಿ ಹನ್ನೊಂದೂ ಬುಡ ಕೊಳೆತು, ಮುಟ್ಟಿದರೆ ಬೆರಳಿಗೆ ಅಂಟುವಂತಾದವು.

ತಾತ ಖಾಲಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತ. ಎರಡು ದಿನ ಮುದ್ದೆ ಮುಟ್ಟಲಿಲ್ಲ. "ಮಗಳು ಬಿತ್ತಿದ್ದು ಅಂದಿದ್ರು ಕಣೇ. ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ?" ಎಂದು ಅತ್ತ. ಅಜ್ಜಿಗೆ ತಡೆಯಲಾಗಲಿಲ್ಲ. ತೊಟ್ಟಿಲಿನಿಂದ ಗಂಟು ಬಿಚ್ಚಿ ತಂದು ಅವನ ಮುಂದಿಟ್ಟಳು. "ಬೈಯೋದಾದ್ರೆ ಬೈದ್ಬಿಡಿ. ಕೋಳಿ ಅಲ್ಲ, ನಾನು" ಅಂದಳು.

ಗಿಡ ಒಣದ್ರಾಕ್ಷಿಯಂತೆ ಸುಕ್ಕಾಗಿತ್ತು, ಆದರೆ ಗಟ್ಟಿಯಾಗಿತ್ತು. ತಾತ ಬೈಯಲಿಲ್ಲ. ಅದನ್ನು ಒಣ ಮರಳಿನಲ್ಲಿ ನೆಟ್ಟು, ಸೀದಾ ಕದಿರಪ್ಪನ ಮನೆಗೆ ಹೋಗಿ, ಕೋಳಿಯ ವಿಷಯದಲ್ಲಿ ತಪ್ಪಾಯಿತು ಎಂದು ಹೇಳಿ ಬಂದ. ಆಮೇಲೆ ಆ ಒಂದು ಗಿಡಕ್ಕೆ ನೀರು ಹಾಕುವ ಅಧಿಕಾರ ಅಜ್ಜಿಯದಾಯಿತು. ತಾತ ಚೆಂಬು ಹಿಡಿದು ಆ ಕಡೆ ಸುಳಿದರೆ ಸಾಕು, ಅಜ್ಜಿ ಒಳಗಿಂದಲೇ ಕೆಮ್ಮುತ್ತಿದ್ದಳು. ಎರಡು ವರ್ಷಕ್ಕೆ ಅದರ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಹೂ ಬಿಟ್ಟಿತು, ಹಿಂದೆಯೇ ಗೊಂಬೆಯ ಅಡುಗೆಗೆ ಸಾಕಾಗುವಂಥ ಕೆಂಪು ಮೆಣಸಿನಕಾಯಿಯಂಥ ಹಣ್ಣು. ಅದರ ಬೀಜ ಬಿತ್ತಿದಾಗ ಮೂವತ್ತು ಮರಿ ಎದ್ದವು.

1946ರಲ್ಲಿ ಬಂಗಲೆಯಲ್ಲಿ ಬಿಟ್ಟುಹೋಗಿದ್ದ ಸಾಮಾನು ಸಾಗಿಸಲು ದೊರೆಸಾನಿ ಬಂದಳು. ಕಾರು ನಮ್ಮ ಬಾಗಿಲಿಗೇ ಬಂತು. ಏಳು ವರ್ಷದ ನಾನು ಕಂಬದ ಹಿಂದೆ ನಿಂತಿದ್ದೆ. ತಾತ ತಟ್ಟೆ ತಂದು ಅವಳ ಮುಂದಿಟ್ಟ.

"ಹನ್ನೊಂದನ್ನ ನಾನೇ ಕೊಂದೆ ಅಮ್ಮಾವ್ರೇ. ನೀರು ಹಾಕಿ ಕೊಂದೆ. ಇದೊಂದು ನಮ್ಮವಳು ಕದ್ದಿದ್ದಕ್ಕೆ ಉಳೀತು."

ಕಥೆಯೆಲ್ಲ ಕೇಳಿ ದೊರೆಸಾನಿ ಟೊಪ್ಪಿಗೆ ಜಾರುವಷ್ಟು ನಕ್ಕಳು. ಗಿಡದ ಸೊಂಟದಲ್ಲಿ ದಾರ ಕೊರೆದ ಗುರುತಿತ್ತು, ಅದನ್ನು ಬೆರಳಲ್ಲಿ ಸವರಿದಳು. ನಗು ನಿಂತಿತು. ನನ್ನತ್ತ ನೋಡಿ, "ಈ ಮಗುವಿಗಾ ಕಟ್ಟಿದ್ದು?" ಎಂದಳು. ಆಮೇಲೆ ಅಜ್ಜಿಯ ಕೈ ಹಿಡಿದು, "ನನ್ನ ಮಗಳಿಗೆ ಮಗು ಆಗುತ್ತೆ, ಆಂಜಿನಮ್ಮ. ನನಗೂ ಒಂದು ಕಟ್ಟಿಕೊಡು" ಎಂದಳು.

ತಾತ ಲಗುಬಗೆಯಿಂದ ಮರಿಯೊಂದನ್ನು ಎತ್ತಲು ಹೋದ. ಅಜ್ಜಿ ತಡೆದಳು. "ಮರಿ ಬೇಡ. ಅವ್ರ ಮಗಳು ಬಿತ್ತಿದ್ದೇ ಹೋಗ್ಲಿ."

ತಾತನ ಮುಖ ಸಣ್ಣದಾಯಿತು. ಏಳು ವರ್ಷ ಅವನು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಅದನ್ನೇ. ಆದರೂ ತಾನೇ ಕೂತು, ಒಂದು ಬೇರೂ ಹರಿಯದಂತೆ ಬಿಡಿಸಿ, ಮಣ್ಣು ಊದಿ ಅಜ್ಜಿಯ ಕೈಗೆ ಕೊಟ್ಟ. ಅವಳು ಕರೀ ಬಟ್ಟೆ ಸುತ್ತಿ, ಹಳೆಯ ಗುರುತಿನ ಮೇಲೆಯೇ ದಾರ ಬಿಗಿದಳು.

ಕಾರು ಹೊರಟಿತು. ತಾತ ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಓಡಿದ.

"ಅಮ್ಮಾವ್ರೇ! ಯಾರೇನೇ ಹೇಳಿದ್ರೂ ನೀರು ಮಾತ್ರ ಹಾಕ್ಬೇಡಿ!"

ವಾಪಸು ಬಂದವನೇ ಯಾರ ಮುಖವನ್ನೂ ನೋಡದೆ, ಚೆಂಬು ತುಂಬಿಕೊಂಡು ಹೋಗಿ ಬೇಲಿಯ ಗೂಟಕ್ಕೆ ಸುರಿದ. ಅವತ್ತು ಅಜ್ಜಿ ಬೈಯಲಿಲ್ಲ.